ಚಪ್ಪಲಿ ಹಾಕಿಕೊಂಡೇ ಮಲಗುವ ಗಂಡ

ಹಾಸನ ಜಿಲ್ಲೆಯ ಓದುಗರಿಗೆ,

ಮೂರು ತಿಂಗಳು ಮದ್ಯವರ್ಜನ ಕೇಂದ್ರದಲ್ಲಿದ್ದು ಬಂದ ಗಂಡ ಏಳು ವಾರದಿಂದ ಒಂದು ಹನಿಯನ್ನೂ ಮುಟ್ಟಿಲ್ಲ. ಆದರೆ ಮಾತಿಲ್ಲ, ಸಿಡುಕು, ಫಾಲೋ-ಅಪ್‌ಗೆ ಕರೆದರೆ ಬರುವುದಿಲ್ಲ. 'ಇಷ್ಟು ಖರ್ಚು ಮಾಡಿದರೂ ಉಪಕಾರಸ್ಮರಣೆ ಇಲ್ಲ. ಮತ್ತೆ ಅಲ್ಲಿಗೇ ಸೇರಿಸಲೇ?' ಎಂದು ಕೇಳಿದ್ದೀರಿ.

ಬೇಡವೇ ಬೇಡ. ರಾತ್ರಿ ಚಿಲಕ ಹಾಕಗೊಡುವುದಿಲ್ಲ, ಚಪ್ಪಲಿ ಹಾಕಿಕೊಂಡೇ ಮಲಗುತ್ತಾರೆ ಎಂದು ಕೊನೆಗೆ ಒಂದೇ ಸಾಲು ಗೀಚಿದ್ದೀರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ. ನಿಮ್ಮ ಅಣ್ಣ ನಾಲ್ವರನ್ನು ಕರೆತಂದು, ನಡುರಾತ್ರಿ ನಿದ್ದೆಯಲ್ಲಿದ್ದವರನ್ನು ಬರಿಗಾಲಲ್ಲಿ ಕೇಂದ್ರದ ಜೀಪಿಗೆ ಹತ್ತಿಸಿದರು. ಇನ್ನೊಮ್ಮೆ ಬಂದರೆ ಓಡಲು ಆ ಚಪ್ಪಲಿ. ಅದು ಸೊಕ್ಕಲ್ಲ, ಹೆದರಿಕೆ. ಹೆದರಿ ನಿದ್ದೆಗೆಟ್ಟವರಿಗೆ ಎಲ್ಲಕ್ಕಿಂತ ಹತ್ತಿರದ ಮದ್ದು ಬಾಟಲಿಯೇ.

ಸಂಬಳವೆಲ್ಲ ಬಾರಿಗೆ ಹೋಗಿ ಮಕ್ಕಳ ಫೀಸಿಗೆ ಬಳೆ ಅಡವಿಟ್ಟ ನಿಮ್ಮ ಮೇಲೆ ಕನಿಕರವಿದೆ. ಈಗಲೂ 'ಜೀಪು ಕರೆಸ್ತೀನಿ ನೋಡು' ಎಂದು ನಗುವ ನಿಮ್ಮ ಅಣ್ಣನ ಮೇಲೆ ಎಳ್ಳಷ್ಟೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನಕ್ಕೂ ಅನ್ವಯಿಸುತ್ತದೆ. ಒಪ್ಪದವರನ್ನು ದಾಖಲಿಸಬೇಕಾದರೆ ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಅದೂ ಮೊದಲಿಗೆ 30 ದಿನಕ್ಕೆ ಮಾತ್ರ. ಸರಪಳಿ ಹಾಕುವಂತೆಯೇ ಇಲ್ಲ. ಜೀಪು ಕಳಿಸುವವರು ಇದನ್ನೆಲ್ಲ ಹೇಳುತ್ತಾರೆಯೇ?

ಮನೆಯ ಒಂದು ಕೀ ಅವರ ಜೇಬಿನಲ್ಲೇ ಇರಲಿ. ಮಲಗಿದ್ದವರನ್ನು ಮೈಮುಟ್ಟಿ ಎಬ್ಬಿಸಬೇಡಿ. ಮೊದಲು ಲೈಟ್ ಹಾಕಿ, ಬಾಗಿಲಿಗೆ ಅಡ್ಡವಾಗದೆ ಕಾಲ ದಿಕ್ಕಿಗೆ ಒಂದು ಮಾರು ದೂರ ನಿಂತು 'ರೀ, ನಾನು' ಎನ್ನಿ. ಫಾಲೋ-ಅಪ್ ಆ ಕೇಂದ್ರದಲ್ಲೇ ಆಗಬೇಕೆಂದೇನಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರೋ, ಬೆಂಗಳೂರಿನ ನಿಮ್ಹಾನ್ಸೋ, ಮೊದಲಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡುವುದೋ, ಅವರೇ ಆರಿಸಲಿ. ಯಾವತ್ತು ಹೋಗುವುದು ಅನ್ನುವುದನ್ನೂ ಅವರೇ ಹೇಳಲಿ. ಕೇಂದ್ರದಲ್ಲಿ ಏನೇನಾಯಿತು ಎಂದು ನೀವಾಗಿ ಕೆದಕಬೇಡಿ. ಅಕಸ್ಮಾತ್ ಮತ್ತೆ ದಿನಗಟ್ಟಲೆ ಕುಡಿದು ಒಮ್ಮೆಗೇ ನಿಲ್ಲಿಸಿದರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಕೈನಡುಕ, ಬೆವರು ಕಂಡ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದೆಲ್ಲ ನೆನಪಿರದಿದ್ದರೆ ಇದೊಂದು ಮಾಡಿ. ಅಣ್ಣನ ಬಾಯಿ ಇವತ್ತೇ ಮುಚ್ಚಿಸಿ. ಆಮೇಲೆ ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿರುವಾಗ, ಗಂಡನಿಗೆ ಹೇಳಿ: 'ಅವತ್ತು ನಿಮ್ಮನ್ನು ಹಾಗೆ ಎತ್ತಾಕಿಕೊಂಡು ಹೋಗಿದ್ದು ತಪ್ಪು. ಇನ್ಯಾವತ್ತೂ ಹಾಗಾಗಲ್ಲ.' ಅದಕ್ಕೆ 'ಆದರೆ' ಸೇರಿಸಬೇಡಿ, ಉತ್ತರಕ್ಕೂ ಕಾಯಬೇಡಿ. ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋಗಿ. ಚಪ್ಪಲಿಯ ಮಾತು ಮಾತ್ರ ಎತ್ತಲೇಬೇಡಿ. ಹಾಸಿಗೆ ಕೊಳೆಯಾದರೆ ಒಗೆದರಾಯಿತು.