ಫೆರಿ ಕಟ್ಟುವ ಯಾರ್ಡು ಯುದ್ಧನೌಕೆಯನ್ನೂ ಹೇಗೆ ಕಟ್ಟುತ್ತೆ?

"ಪ್ರಯಾಣಿಕರ ಫೆರಿ ಕಟ್ಟೋರಿಗೆ ನೌಕಾಪಡೆ ಕೆಲಸ ಹೇಗೆ ಕೊಡ್ತಾರೆ? ಅಲ್ಯೂಮಿನಿಯಂ ಅಷ್ಟು ಗಟ್ಟಿನಾ? ಐಟಿಐ ವೆಲ್ಡರ್ ಆದ ನಾನು ಅಲ್ಲಿಗೆ ಸೇರಬಹುದಾ?" ಅಂತ ಕೇಳಿದ್ದೀರಿ. ನಾನು ಭದ್ರಾವತಿಯಲ್ಲಿ ಉಕ್ಕಿನ ವೆಲ್ಡಿಂಗ್ ಕಲಿತು, ಆಮೇಲೆ ಆಸ್ಟ್ರೇಲಿಯಾದ ಪರ್ತ್ ಹತ್ತಿರದ ಹೆಂಡರ್ಸನ್‌ನಲ್ಲಿ ಅಲ್ಯೂಮಿನಿಯಂ ಹಡಗಿನ ಮೇಲೆ ಆರು ವರ್ಷ ದುಡಿದವನು.

ಫೆರಿಗೂ ಸೈನ್ಯಕ್ಕೂ ಬೇಕಾದದ್ದು ಒಂದೇ: ವೇಗ, ಜೊತೆಗೆ ಗಾಡಿ ನಿಲ್ಲಿಸೋಕೆ ಅಗಲವಾದ ಡೆಕ್. ಆಸ್ಟ್ರೇಲಿಯಾದ ಹೊಬಾರ್ಟ್‌ನ ಇನ್‌ಕ್ಯಾಟ್ ಕಂಪನಿ ಕಟ್ಟಿದ್ದ 86 ಮೀಟರಿನ ಕ್ಯಾಟಮರಾನ್ (ಎರಡು ಒಡಲಿನ ಹಡಗು) ಒಂದನ್ನು ಆಸ್ಟ್ರೇಲಿಯಾ ನೌಕಾಪಡೆ 1999ರಲ್ಲಿ ಬಾಡಿಗೆಗೆ ಪಡೆದು 'ಜರ್ವಿಸ್ ಬೇ' ಅಂತ ಹೆಸರಿಟ್ಟಿತು. ಪೂರ್ವ ತಿಮೋರ್ ಹೊತ್ತಿ ಉರಿಯುತ್ತಿದ್ದಾಗ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ತಿಮೋರ್ ರಾಜಧಾನಿ ದಿಲಿಗೆ ಸೈನಿಕರನ್ನೂ ವಾಹನಗಳನ್ನೂ ಹೊತ್ತೊಯ್ದದ್ದು ಅದೇ. ಹೆಂಡರ್ಸನ್‌ನ ಆಸ್ಟಲ್ ಕಂಪನಿ 2005ರಲ್ಲಿ ಕ್ಯಾನರಿ ದ್ವೀಪಗಳಿಗೆ ಕೊಟ್ಟ 127 ಮೀಟರಿನ ಮೂರು ಒಡಲಿನ ಫೆರಿ 'ಬೆಂಚಿಹಿಗುವಾ ಎಕ್ಸ್‌ಪ್ರೆಸ್'. ಅದರ ಒಡಲಿನ ವಿನ್ಯಾಸದಿಂದಲೇ ಅಮೆರಿಕದ 'ಇಂಡಿಪೆಂಡೆನ್ಸ್' ದರ್ಜೆಯ ಯುದ್ಧನೌಕೆ ಹುಟ್ಟಿತು. ಅದನ್ನು ಕಟ್ಟಿದ್ದು ಅಲಬಾಮಾದ ಮೊಬೀಲ್‌ನಲ್ಲಿರುವ ಆಸ್ಟಲ್ ಯಾರ್ಡು.

ಗಟ್ಟಿತನದ ಮಾತು. ಉಕ್ಕು ನೀರಿನ 7.8 ಪಟ್ಟು ತೂಕ, ಅಲ್ಯೂಮಿನಿಯಂ 2.7 ಪಟ್ಟು. ತಗಡನ್ನು ದಪ್ಪ ಮಾಡಿದರೂ ಒಡಲು ಹಗುರಾಗೇ ಉಳಿಯುತ್ತೆ. ಆದರೆ ಅಲೆ ಬಡಿದು ಬಡಿದು ದಣಿದ ಜಾಗದಲ್ಲಿ ಉಕ್ಕಿಗಿಂತ ಬೇಗ ಬಿರುಕು ಬಿಡುತ್ತೆ. 'ಇಂಡಿಪೆಂಡೆನ್ಸ್' ದರ್ಜೆಯ ಕೆಲವು ನೌಕೆಗಳ ಒಡಲಲ್ಲಿ ಬಿರುಕು ಕಂಡ ಸುದ್ದಿ 2022ರಲ್ಲಿ ಹೊರಬಂತು. ಹಾಗಾಗಿ ವೆಲ್ಡರ್ ಕೈಯ ಮೇಲೆ ಬೀಳುವ ಹೊಣೆ ದೊಡ್ಡದು.

ಉಕ್ಕು ಕೆಂಪಾಗಿ ಮುನ್ಸೂಚನೆ ಕೊಡುತ್ತೆ, ಅಲ್ಯೂಮಿನಿಯಂ ಕೊಡಲ್ಲ. ಬಣ್ಣ ಬದಲಾಗದೆ ನಿಂತ ತಗಡು ಕಣ್ಣ ಮುಂದೆಯೇ ಒಮ್ಮೆಲೇ ಕುಸಿಯುತ್ತೆ. ಲೋಹ 660 ಡಿಗ್ರಿಗೆ ಕರಗಿದರೆ, ಮೇಲಿನ ಆಕ್ಸೈಡ್ ಪೊರೆ ಕರಗೋಕೆ 2000 ಡಿಗ್ರಿಗೂ ಹೆಚ್ಚು ಬೇಕು. ಅದಕ್ಕೇ ಮೊದಲು ಅಸಿಟೋನ್‌ನಲ್ಲಿ ಒರೆಸಬೇಕು, ಆಮೇಲೆ ಸ್ಟೇನ್‌ಲೆಸ್ ಬ್ರಶ್‌ನಲ್ಲಿ ಉಜ್ಜಬೇಕು. ಆ ಬ್ರಶ್ ಉಕ್ಕನ್ನು ಮುಟ್ಟಿರಲೇಬಾರದು. ಒಂದು ದಿನ ಶೆಡ್ಡಿನ ಬಾಗಿಲು ತೆರೆದಿದ್ದದ್ದನ್ನು ಗಮನಿಸದೆ ವೆಲ್ಡಿಂಗ್ ಟಾರ್ಚ್ ಹಿಡಿದೆ. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಆರ್ಗಾನ್ ಅನಿಲವನ್ನು ಹೊರಗಿನ ಗಾಳಿ ಚದುರಿಸಿಬಿಟ್ಟಿತ್ತು. ಮೇಲೆ ನೋಡಿದರೆ ಬೆಸುಗೆ ನೀಟಾಗಿತ್ತು, ಎಕ್ಸ್‌ರೇಯಲ್ಲಿ ನೋಡಿದರೆ ಒಳಗೆಲ್ಲ ರವೆಯಷ್ಟು ಸಣ್ಣ ಸಣ್ಣ ತೂತು. ಒಂದು ಗೇಣು ಬೆಸುಗೆಯನ್ನು ಕೆತ್ತಿ ತೆಗೆದು ಮತ್ತೆ ಹಾಕೋಕೆ ಅರ್ಧ ದಿನ ಹೋಯಿತು.

ನೀವು ಸೇರಬಹುದು. ಆದರೆ ಉಕ್ಕಿನ ಅನುಭವ ಒಂದೇ ಸಾಲದು. ತಂತಿ ತಾನೇ ಬಂದು ಕರಗುವ ಮಿಗ್ ವೆಲ್ಡಿಂಗ್ ಯಂತ್ರದಲ್ಲಿ, ಹಡಗಿಗೆ ಬಳಸುವ 5083 ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನ ಮೇಲೆ ನಿಲುವಿನ ಬೆಸುಗೆ, ತಲೆ ಮೇಲಿನ ಬೆಸುಗೆ ಎರಡನ್ನೂ ಕೈ ಕೂರುವವರೆಗೆ ಹಾಕಿ. ಪ್ರತಿ ಸಲ ತುಂಡನ್ನು ಬಗ್ಗಿಸಿ, ಮುರಿದು, ಒಳಗೆ ನೋಡಿ. ಟ್ರೇಡ್ ಪರೀಕ್ಷೆಯಲ್ಲಿ, ಅಂದರೆ ಕೈಕೆಲಸದ ಪರೀಕ್ಷೆಯಲ್ಲಿ, ಯಾರ್ಡಿನವರೂ ಅದನ್ನೇ ನೋಡೋದು.