ವಿಜಯನಗರದ 20×30 ಡುಪ್ಲೆಕ್ಸ್ ಮನೆ 14 ತಿಂಗಳಿಂದ ಮಾರಾಟವಾಗುತ್ತಿಲ್ಲ. ಬೆಲೆ ಜಾಸ್ತಿಯೋ, ಮನೆಯಲ್ಲೇ ಕೊರತೆಯೋ?

ಬೆಂಗಳೂರಿನ ವಿಜಯನಗರದಲ್ಲಿ 20×30 ಸೈಟು. 1998ರಲ್ಲಿ ನಿಮ್ಮ ತಂದೆ ಕಟ್ಟಿಸಿದ ಡುಪ್ಲೆಕ್ಸ್. ಮೆಟ್ರೋಗೆ ಹತ್ತು ನಿಮಿಷದ ನಡಿಗೆ. 1 ಕೋಟಿ 95 ಲಕ್ಷ ಹೇಳುತ್ತಿದ್ದೀರಿ. ಮೂವತ್ತಕ್ಕೂ ಜಾಸ್ತಿ ಜನ ಬಂದು ನೋಡಿದ್ದಾರೆ, ಒಬ್ಬರೂ ಅಡ್ವಾನ್ಸ್ ಕೊಟ್ಟಿಲ್ಲ. ಇನ್ನು 8 ಲಕ್ಷ ಹಾಕಿ ಅಡುಗೆಮನೆ, ಟೈಲ್ಸ್ ಹೊಸದು ಮಾಡಿಸಲೇ ಅಂತ ಕೇಳಿದ್ದೀರಿ.

ಮಾಡಿಸಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ.

ಹನುಮಂತನಗರದಲ್ಲಿ ನನ್ನ ಅತ್ತೆ ಮಾವನ ಮನೆ ಇತ್ತು. ಅದೂ 20×30, ಅದೂ ಡುಪ್ಲೆಕ್ಸ್. ಮಾರಲು ನಮಗೆ 19 ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಒಂದು ವರ್ಷ ನಾವು ಮಾಡಿದ ಲೆಕ್ಕವೇ ನೀವೂ ಈಗ ಮಾಡುತ್ತಿರುವುದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಲೆಕ್ಕ ಹೀಗಿದೆ. ಪಕ್ಕದ ರಸ್ತೆಯಲ್ಲಿ ಅಡಿಗೆ 25,000 ಹೋಯಿತು, ಹಾಗಾಗಿ 600 ಅಡಿಗೆ ಒಂದೂವರೆ ಕೋಟಿ. ಇಂಥ ಕಟ್ಟಡ ಈಗ ಕಟ್ಟಿಸಿದರೆ 45 ಲಕ್ಷ. ಎರಡೂ ಸೇರಿ 1.95 ಕೋಟಿ. ನೋಡಲು ಸರಿಯಾಗಿಯೇ ಇದೆ. ಆದರೆ ಈ ಎರಡು ಮೊತ್ತವನ್ನು ಕೊಡುವವರು ಬೇರೆ ಬೇರೆ ಜನ. ನೆಲಕ್ಕೆ ಪೂರ್ತಿ ಬೆಲೆ ಕೊಡುವವನು ಹಳೇ ಮನೆ ಕೆಡವಿ ಹೊಸದು ಕಟ್ಟುವವನು. ಅವನಿಗೆ ನಿಮ್ಮ ಕಟ್ಟಡದಿಂದ ಪ್ರಯೋಜನವಿಲ್ಲ, ಕೆಡವುವ ಖರ್ಚು ಬೇರೆ. ಕಟ್ಟಡಕ್ಕೆ ಬೆಲೆ ಕೊಡುವವನು ಅಲ್ಲೇ ವಾಸ ಮಾಡಲು ಬರುವವನು. ಅವನು ಅಡಿಗೆ ಎಷ್ಟು ಅಂತ ನೋಡುವುದಿಲ್ಲ. ಇದೇ ದುಡ್ಡಿಗೆ ಲಿಫ್ಟ್, ಕಾರ್ ಪಾರ್ಕಿಂಗ್ ಇರುವ ಫ್ಲಾಟ್ ಸಿಗುತ್ತದಲ್ವಾ ಅಂತ ಹೋಲಿಸುತ್ತಾನೆ. ಎರಡನ್ನೂ ಪೂರ್ತಿಯಾಗಿ ಕೊಡುವ ಒಬ್ಬನೇ ಮನುಷ್ಯನಿಗಾಗಿ ನೀವು 14 ತಿಂಗಳಿಂದ ಕಾಯುತ್ತಿದ್ದೀರಿ.

ನಾವೂ ಹಾಗೇ ಕಾದಿದ್ದೆವು. ಬಂದವರು ಏನು ಹೇಳಿ ಹೋದರು ಅಂತ ನನ್ನ ಗಂಡ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ವಯಸ್ಸಾದವರಿಗೆ ಮಲಗುವ ಕೋಣೆ ಮೇಲಿರುವುದು ಬೇಡ, ಮಂಡಿ ನೋವು. ಚಿಕ್ಕ ವಯಸ್ಸಿನವರಿಗೆ ಕಾರು ಎಲ್ಲಿ ನಿಲ್ಲಿಸುವುದು ಅನ್ನುವ ಪ್ರಶ್ನೆ. ಅವರಲ್ಲಿ ಒಬ್ಬರು ಮನೆ ಒಳಗೆ ಬರುವ ಮೊದಲೇ ಟೇಪು ಹಿಡಿದು ಗೇಟು ಅಳೆದರು. ಬಾಡಿಗೆಗೆ ಅಂತ ಕೊಳ್ಳುವವರಿಗೆ ಮೆಟ್ಟಿಲು ಒಳಗಡೆ ಇರುವುದೇ ಅಡ್ಡಿ, ಎರಡು ಮನೆ ಮಾಡಿ ಕೊಡಲು ಬರುವುದಿಲ್ಲ. ಅಡುಗೆಮನೆ ಹಳೆಯದು ಅಂತ ಹೇಳಿದವರು ಇಬ್ಬರೇ. ಟೈಲ್ಸ್ ಹಾಕಿಸಿದರೆ ಕಾರು ನಿಲ್ಲುವುದಿಲ್ಲ, ಮೆಟ್ಟಿಲು ಹೊರಗೆ ಹೋಗುವುದಿಲ್ಲ. ನಿಮ್ಮ 8 ಲಕ್ಷ ಬೇಡ ಅಂದದ್ದು ಇದಕ್ಕೇ. ಗೋಡೆಯ ತೇವ, ತಾರಸಿಯ ಸೋರಿಕೆ ಇದ್ದರೆ ಅದನ್ನು ಮಾತ್ರ ಸರಿ ಮಾಡಿಸಿ, ಒಂದು ಕೋಟ್ ಬಣ್ಣ ಹೊಡೆಸಿ. ಸಾಕು.

ಈಗ ಕೊಳ್ಳುವವರ ಕಡೆಯಿಂದ ನೋಡಿ. ನಮಗೆ ಇದು ಹೊಳೆದದ್ದು ತುಂಬಾ ತಡವಾಗಿ. ಸಾಲ 75 ಲಕ್ಷ ದಾಟಿದರೆ ಬ್ಯಾಂಕು ಮನೆ ಬೆಲೆಯ 75% ಮೇಲೆ ಕೊಡುವ ಹಾಗಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. 1.95 ಕೋಟಿಯಲ್ಲಿ 48.75 ಲಕ್ಷ ಅವರ ಕೈಯಿಂದಲೇ ಬರಬೇಕು. ನೋಂದಣಿ ಖರ್ಚಿಗೆ ಈ ಸಾಲ ಆಗುವುದಿಲ್ಲ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ ಹತ್ತಿರ ಹತ್ತಿರ 15 ಲಕ್ಷ. ಅಲ್ಲಿಗೆ ಸುಮಾರು 63 ಲಕ್ಷದ 50 ಸಾವಿರ ಕೈಯಲ್ಲಿರಬೇಕು. ಕಷ್ಟ ಇರುವುದು ಇದರ ಮುಂದೆ. ಬ್ಯಾಂಕು ತನ್ನ ವ್ಯಾಲ್ಯುಯರ್‌ನನ್ನು ಕಳಿಸುತ್ತದೆ. ಅವನು ಇಪ್ಪತ್ತೇಳು ಎಂಟು ವರ್ಷದ ಕಟ್ಟಡಕ್ಕೆ ಸವಕಳಿ ಕಳೆದೇ ಬೆಲೆ ಕಟ್ಟುತ್ತಾನೆ. ಅವನು 1.65 ಕೋಟಿ ಅಂತ ಬರೆದ ಅಂದುಕೊಳ್ಳಿ. ಸಾಲ 1.24 ಕೋಟಿಗೆ ಇಳಿಯುತ್ತದೆ, ಕೈಯಿಂದ ಹಾಕಬೇಕಾದ್ದು 86 ಲಕ್ಷಕ್ಕೆ ಏರುತ್ತದೆ. ಮನೆ ತುಂಬಾ ಇಷ್ಟವಾದವರೂ ಆಮೇಲೆ ಫೋನ್ ತೆಗೆಯದಿರಲು ಇದೇ ಕಾರಣ ಇರಬಹುದು. ಅವರಿಗೆ ಮನೆ ಹಿಡಿಸಲಿಲ್ಲ ಅಂತ ನೀವು ನೊಂದುಕೊಂಡಿದ್ದೀರಿ, ಹಾಗಾಗಿರಲಿಕ್ಕಿಲ್ಲ.

ಅದಕ್ಕೆ ನನ್ನ ಸಲಹೆ: ಬ್ಯಾಂಕುಗಳಿಗೆ ಕೆಲಸ ಮಾಡುವ ಒಬ್ಬ ವ್ಯಾಲ್ಯುಯರ್‌ನನ್ನು ನೀವೇ ಕರೆಸಿ, ಫೀಸು ಕೊಟ್ಟು ಬೆಲೆ ಕಟ್ಟಿಸಿ. ಬ್ರೋಕರ್ ಬಾಯಲ್ಲಿ ಕೇಳಿದ ಬೆಲೆ ಬಿಡಿ. ಆ 25,000ಕ್ಕೆ ಹೋದ ಸೈಟು 30×40 ಅಂತ ನೀವೇ ಬರೆದಿದ್ದೀರಿ. ಅಲ್ಲಿ ಕಟ್ಟಬಹುದಾದದ್ದೇ ಬೇರೆ, ಅದರ ದರವನ್ನು ಹಾಗೇ ನಿಮ್ಮ ಸೈಟಿಗೆ ಹಾಕಲು ಬರುವುದಿಲ್ಲ. ವ್ಯಾಲ್ಯುಯರ್ ಹೇಳಿದ ಬೆಲೆಯ ಮೇಲೆ ಚೌಕಾಸಿಗೆ ಮೂರು ನಾಲ್ಕು ಲಕ್ಷ ಇಟ್ಟು ಒಂದೇ ಸಲ ಇಳಿಸಿ. ಪ್ರತಿ ತಿಂಗಳು ಎರಡೆರಡು ಲಕ್ಷ ಇಳಿಸಬೇಡಿ. ನಾವು ಹಾಗೆ ಮಾಡಿದಾಗ ಜನ ಇನ್ನೂ ಇಳಿಯುತ್ತದೆ ಅಂತ ಸುಮ್ನೆ ಕಾದರು.

ಬೆಲೆ ಬದಲಿಸುವ ಮೊದಲು ಕಾಗದಗಳು. ತಂದೆ ಈಗಿಲ್ಲ, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ ಅಂದಿರಿ. ಇದು ಸಣ್ಣ ವಿಷಯ ಅಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಇ-ಖಾತೆ, ಅಂದರೆ ಪಾಲಿಕೆಯ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿಯೇ ಆಗುವುದಿಲ್ಲ. ವಂಶವೃಕ್ಷ ಮಾಡಿಸಿ ಖಾತೆಯನ್ನು ವಾರಸುದಾರರ ಹೆಸರಿಗೆ ತನ್ನಿ, ಇ-ಖಾತೆ ತೆಗೆದುಕೊಳ್ಳಿ. ನಿಮ್ಮ ತಂದೆ ಸ್ವಂತ ದುಡ್ಡಲ್ಲಿ ಮಾಡಿದ ಆಸ್ತಿ, ವಿಲ್ ಇಲ್ಲ. ಹಾಗಾಗಿ ತಾಯಿಗೂ ನಿಮ್ಮ ಇಬ್ಬರು ಅಕ್ಕಂದಿರಿಗೂ ನಿಮ್ಮಷ್ಟೇ ಪಾಲು. ಅವರು ಒಪ್ಪಿದ್ದಾರೆ ಅಂತ ಬಾಯಲ್ಲಿ ಹೇಳಿದರೆ ಕೊಳ್ಳುವವರ ವಕೀಲರು ಕೇಳುವುದಿಲ್ಲ. ಕ್ರಯಪತ್ರಕ್ಕೆ ಎಲ್ಲರೂ ಸಹಿ ಹಾಕಬೇಕು, ಇಲ್ಲವೇ ತಮ್ಮ ಪಾಲು ಬಿಟ್ಟುಕೊಡುವ ರಿಲೀಸ್ ಡೀಡ್ ಮೊದಲೇ ಆಗಬೇಕು. ತಾಯಿ ಪತ್ರ (ಆಸ್ತಿಯ ಹಿಂದಿನ ಮೂಲ ಪತ್ರ), ಇಸಿ (ಋಣಭಾರ ಪ್ರಮಾಣಪತ್ರ), ಕಂದಾಯ ಕಟ್ಟಿದ ರಸೀದಿ, ಮಂಜೂರಾದ ಪ್ಲಾನ್ ಎಲ್ಲ ಒಂದು ಫೈಲಿನಲ್ಲಿ ಜೋಡಿಸಿಡಿ. ನಮ್ಮ ಮನೆಯನ್ನು ಒಬ್ಬರು ನಿಜವಾಗಿಯೂ ಇಷ್ಟಪಟ್ಟಿದ್ದರು. ನಾವು ಇಸಿ ತರುವಷ್ಟರಲ್ಲಿ ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟುಬಿಟ್ಟರು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ತೆರಿಗೆ ಬಗ್ಗೆ ಒಂದೇ ಮಾತು. 2024ರ ಜುಲೈ 23ಕ್ಕೆ ಮೊದಲಿನ ಆಸ್ತಿಯಾದ್ದರಿಂದ ಲಾಭದ ಮೇಲೆ 12.5% ಅಥವಾ ಹಣದುಬ್ಬರ ಕಳೆದು 20%, ಯಾವುದು ಕಡಿಮೆಯೋ ಅದು. ನಿಮ್ಮ ಲೆಕ್ಕ ಪರಿಶೋಧಕರನ್ನು ಕೇಳಿ. ಕೈಗೆ ಬರುವುದೆಷ್ಟು ಅಂತ ಗೊತ್ತಿದ್ದರೆ ಬೆಲೆ ಇಳಿಸಲು ಧೈರ್ಯ ಬರುತ್ತದೆ.

ಕೊನೆಗೆ ನಮ್ಮ ಮನೆ ಕೊಂಡದ್ದು ಪಕ್ಕದ ಮನೆಯವರು. ಮೂವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದೆವು, ಅವರನ್ನು ಕೇಳಬೇಕು ಅಂತ ನಮಗೆ ಅನ್ನಿಸಲೇ ಇಲ್ಲ. ಬೇರೆಯವರಿಗೆ ನಮ್ಮದು ಇಕ್ಕಟ್ಟಾದ 600 ಅಡಿ. ಅವರಿಗೆ ಮಾತ್ರ ಎರಡೂ ಸೇರಿ 40×30, ಪೂರ್ತಿ 1,200 ಅಡಿ. ಬಂದವರೆಲ್ಲರಿಗಿಂತ ಜಾಸ್ತಿಯೇ ಕೊಟ್ಟರು. ಕೆಡವುವ ದಿನ ನನ್ನ ಅತ್ತೆ ನೋಡಲು ಹೋಗಲಿಲ್ಲ. ದೇವರ ಮನೆಯ ಕೆಂಪು ಗಾರೆ ನೆಲ ಅವರೇ ನಿಂತು ಹಾಕಿಸಿದ್ದು. ನಿಮ್ಮ ತಾಯಿಗೂ ಇದು ಸುಲಭ ಇರುವುದಿಲ್ಲ. ಯಾರಿಗೆ ಮಾರುತ್ತಿದ್ದೀರಿ, ಮನೆ ಉಳಿಯುತ್ತದೋ ಇಲ್ಲವೋ ಅಂತ ಅವರಿಗೆ ಮೊದಲೇ ಹೇಳಿಬಿಡಿ.

ಆಮೇಲೆ ಈ ಭಾನುವಾರ ಎಡಗಡೆ, ಬಲಗಡೆ, ಹಿಂದುಗಡೆ, ಮೂರೂ ಮನೆಯವರ ಬಾಗಿಲು ತಟ್ಟಿ. ಬ್ರೋಕರ್‌ನ ಕರೆದುಕೊಂಡು ಹೋಗಬೇಡಿ, ನೀವೇ ಹೋಗಿ. ಅವರಿಗೆ ಬೇಡವಾದರೆ, ಊರಿಂದ ಬರಬೇಕು ಅಂತಿರುವ ಅವರ ತಮ್ಮನಿಗೋ ಮಗಳಿಗೋ ಬೇಕಾ ಅಂತಲೂ ಕೇಳಿ.