ಲೇಸರ್ ಲೇಖನ: ತಿದ್ದಿ ಕಳಿಸಿ

ನಮಸ್ಕಾರ.

ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಪದರವನ್ನು ಲೇಸರ್‌ನಿಂದ ಕೆತ್ತಿ ಸರ್ಕ್ಯೂಟ್ ಮಾಡುವ ಬಗ್ಗೆ ಸೋಮವಾರಪೇಟೆಯಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹೋಗದು. ವಿಷಯ ಮಾತ್ರ ಗಟ್ಟಿಯಾಗಿದೆ, ಬಿಡಬೇಡಿ.

ಮೊದಲ ಎರಡು ಪುಟ ಇಂಥ ಪ್ಲಾಸ್ಟಿಕ್ಕನ್ನು ಕಂಡುಹಿಡಿದ ಹೀಗರ್, ಮ್ಯಾಕ್‌ಡೈರ್ಮಿಡ್, ಶಿರಾಕಾವಾ ಮತ್ತು 2000ದ ನೊಬೆಲ್‌ಗೇ ಹೋಗಿವೆ. ಒಂದು ಸಾಲು ಸಾಕು. ನೀವು ಬಳಸಿದ ಪ್ಲಾಸ್ಟಿಕ್, ಪೆಡಾಟ್-ಪಿಎಸ್‌ಎಸ್‌ನ ತಿಳಿನೀಲಿ ಪದರ ಕಣ್ಣಿಗೆ ಬೀಳಲು ಓದುಗರು ಐದನೇ ಪುಟದವರೆಗೆ ಕಾಯಬೇಕೇ?

‘ವೇಗ ಹೆಚ್ಚಿದಷ್ಟೂ ಗೆರೆ ನಯ’ ಎಂದಿದ್ದೀರಿ. ನಿಮ್ಮ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿ: ಸೆಕೆಂಡಿಗೆ 20,000 ಮಿಡಿತ, ಬೆಳಕಿನ ಚುಕ್ಕೆಯ ಅಗಲ 40 ಮೈಕ್ರೊಮೀಟರ್. ಸೆಕೆಂಡಿಗೆ 200 ಮಿ.ಮೀ. ಓಡಿಸಿದರೆ 10 ಮೈಕ್ರೊಮೀಟರ್‌ಗೊಂದು ಚುಕ್ಕೆ. ಒಂದರ ಮೇಲೊಂದು ಕೂತು, ಪದರವನ್ನು ಎರಡಾಗಿ ಕತ್ತರಿಸುವ ಗೆರೆ ಕೂಡುತ್ತದೆ. ನೀವು ಹೇಳುವ 1,000 ಮಿ.ಮೀ.ಗೆ ಏರಿಸಿದರೆ 50 ಮೈಕ್ರೊಮೀಟರ್‌ಗೊಂದು. ಆಗ ಉಳಿಯುವುದು ಹೊಲಿಗೆ ಬಿಚ್ಚಿದ ಬಟ್ಟೆಯ ತೂತುಸಾಲು. ತೂತುಗಳ ನಡುವಿನ ಸಣ್ಣ ಸೇತುವೆಗಳ ಮೇಲೆ ಕರೆಂಟ್ ಆರಾಮಾಗಿ ದಾಟುತ್ತದೆ. ಹಾಗೆಂದು ಪವರ್ ಏರಿಸಿದರೆ ಅಡಿಯ ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆ ಕರಗಿ ಅಂಚು ಉಬ್ಬುತ್ತದೆ.

ಈಗ ನಿಮ್ಮ ಕೋಷ್ಟಕಕ್ಕೆ ಬನ್ನಿ. ಚೌಕಕ್ಕೆ (ಉದ್ದ-ಅಗಲ ಸಮವಿರುವ ತುಂಡಿಗೆ) 200 ಓಮ್ ರೋಧ ಇರುವ ಪದರದಲ್ಲಿ 20 ಮಿ.ಮೀ. ಉದ್ದ, ಅರ್ಧ ಮಿ.ಮೀ. ಅಗಲದ ಪಟ್ಟಿ ಎಂದರೆ 40 ಚೌಕ, ಅಂದರೆ 8,000 ಓಮ್. ನೀವು ಬರೆದದ್ದು 800. ಸೊನ್ನೆ ಕೈತಪ್ಪಿತೋ, ಅಕ್ಕಪಕ್ಕದ ಪದರ ಪೂರ್ತಿ ಬೇರ್ಪಡದೆ ಕರೆಂಟ್ ಅಡ್ಡದಾರಿ ಹಿಡಿಯಿತೋ? ನನಗೆ ಎರಡನೆಯದರ ಮೇಲೇ ಗುಮಾನಿ. ಗೆರೆಯ ಎರಡೂ ಬದಿಗೆ ಮಲ್ಟಿಮೀಟರ್ ಇಟ್ಟು ನೋಡಿ. ಮೀಟರಿನ ಕಡ್ಡಿಯಿಂದ ಪದರ ಗೀಚದಂತೆ ಮೊದಲು ಸಿಲ್ವರ್ ಪೇಸ್ಟಿನ ಬೊಟ್ಟು ಇಡಿ. ಓಮ್ ಕಾಣಿಸಿದರೆ ಗೆರೆ ಸೋರುತ್ತಿದೆ ಎಂದೇ ಅರ್ಥ. ಹಾಗಿದ್ದರೆ ಅದನ್ನು ಮುಚ್ಚಿಡದೆ ಬರೆಯಿರಿ, ಲೇಖನಕ್ಕೆ ಜೀವ ಬರುವುದೇ ಅಲ್ಲಿ.

ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಯನ್ನು ಪೀಠಿಕೆಗೆ ತಂದು ಅಲ್ಲೇ ಕೈಬಿಟ್ಟಿದ್ದೀರಿ. ಅದು ಪ್ರಯೋಗದ ಒಳಗೇ ಬರಬೇಕಿತ್ತು. ಬಿಚ್ಚಿಟ್ಟ ಹಪ್ಪಳದಂತೆ ಪದರದೊಳಗಿನ ಪಿಎಸ್‌ಎಸ್ ತೇವ ಹೀರಿ ಉಬ್ಬುತ್ತದೆ, ರೋಧ ಬದಲಾಗುತ್ತದೆ. ಗಾಜಿನ ಮೇಲಿನ ಪದರವಾದರೆ 120 ಡಿಗ್ರಿಯಲ್ಲಿ 15 ನಿಮಿಷ ಒಣಗಿಸಬಹುದು. ಪಿಇಟಿ ಆ ಶಾಖಕ್ಕೆ ಸುರುಟೀತು. ಆಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

‘ಕಪ್ಪು ಕನ್ನಡಕ ಸಾಕು’ ಎಂಬ ಸಾಲನ್ನು ನಾನೇ ಹೊಡೆದುಹಾಕಿದ್ದೇನೆ. ಆ ಲೇಸರಿನ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಬೇಕು.

ಮಳೆ ದಿನದ ಅಳತೆ, ಒಣಗಿಸಿದ ಮೇಲಿನ ಅಳತೆ, ಎರಡನ್ನೂ ಸೇರಿಸಿ ಮತ್ತೆ ಕಳಿಸಿ.

— ಸಂ.